ಅಂದಾಜುಪಟ್ಟಿಯಲ್ಲಿ ಇಲ್ಲದ ಭತ್ತ

ಗಂಗಾವತಿ ಬಳಿಯ ಮರಳಿಯ ಸುತ್ತ ಯಾವ ದಿಕ್ಕಿಗೆ ಹೊರಟರೂ ನೆಲ್ಲಿನ ಗದ್ದೆ. ಗದ್ದೆ ಮುಗಿದಲ್ಲಿ ವಲಸೆ ಬಂದವರ ಕ್ಯಾಂಪು, ಕ್ಯಾಂಪು ಮುಗಿದಲ್ಲಿ ರೈಸ್‌ಮಿಲ್ಲು. ಗಂಗಾವತಿ ಸೀಮೆಯ ಸೋನಾ ಮಸೂರಿಗೆ ಬೆಂಗಳೂರಿನ ಅಂಗಡಿಯಲ್ಲಿ ಬೇರೆ ಪರಿಚಯ ಬೇಕಿಲ್ಲ. ಭತ್ತದ ಕಣಜ ಎಂಬ ಬಿರುದೂ ನಮಗಿದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಮೂಲ ಯೋಜನೆಯನ್ನು ತೆರೆದು ನೋಡಿದರೆ ಈ ಗದ್ದೆಗಳಲ್ಲಿ ಬಹುಪಾಲು ಅಲ್ಲಿಲ್ಲ. ಅಲ್ಲಿರುವುದು ಜೋಳ, ಶೇಂಗಾ, ಹತ್ತಿ, ಕಾಳುಕಡಿ.

ಯೋಜನೆಯ ವ್ಯಾಪ್ತಿಯನ್ನು ಹೇಗೆ ಗೊತ್ತುಮಾಡಬೇಕು, ಗೊತ್ತುಮಾಡಿದ್ದನ್ನು ಹೇಗೆ ಕಾಯಬೇಕು ಎಂದು ಇವತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಅದಕ್ಕೆ ಸ್ಕೋಪ್ ಎನ್ನುತ್ತಾರೆ, ಅದು ಮೈ ಬೆಳೆಸಿಕೊಂಡು ಕೈಮೀರಿದ ಕಥೆಗಳನ್ನು ಹೇಳಿ ನಿಟ್ಟುಸಿರು ಬಿಡುತ್ತಾರೆ. ಕೊಪ್ಪಳ ಜಿಲ್ಲೆಯವರು ಆ ಕಥೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 227 ಕಿಲೋಮೀಟರ್ ಉದ್ದದ ಉದಾಹರಣೆಯೊಂದು ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹರಿಯುತ್ತಿದೆ. ಹರಿಯುತ್ತದೆ ಎಂದರೆ, ರಾಯಚೂರಿನ ಕಡೆಯ ರೈತರು ಒಪ್ಪಲಿಕ್ಕಿಲ್ಲ.

ವ್ಯಾಪ್ತಿಯ ಬಗ್ಗೆ ಗುತ್ತಿಗೆದಾರರಿಂದ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯರವರೆಗೆ ಎಲ್ಲರ ಬಾಯಲ್ಲೂ ಓಡಾಡುವ ಕೆಲವು ನಂಬಿಕೆಗಳಿವೆ. ಈ ಕಾಲುವೆಯ ದಂಡೆಯ ಮೇಲೆ ನಿಂತು ಅವನ್ನು ಒಂದೊಂದಾಗಿ ನೋಡಬಹುದು.

"ವ್ಯಾಪ್ತಿ ಎಂದರೆ ಏನೇನು ಮಾಡುತ್ತೇವೆ ಎಂಬ ಪಟ್ಟಿ"

ಅದು ಅರ್ಧ ಮಾತ್ರ. ಏನನ್ನು ಮಾಡುವುದಿಲ್ಲ, ಯಾರಿಗೆ ಎಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬುದು ಉಳಿದರ್ಧ. ಕಷ್ಟದ ಅರ್ಧವೂ ಅದೇ.

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಒಪ್ಪಂದಕ್ಕೆ ಬಂದದ್ದು 1944ರಲ್ಲಿ, ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಇಷ್ಟು ವರ್ಷಗಳ ಚರ್ಚೆಯ ಹಿಂದೆ ಇದ್ದದ್ದು ಒಂದೇ ಭಯ, ಬರ. ಎಡದಂಡೆಯ ರಾಯಚೂರು ಸೀಮೆ ಮತ್ತು ಬಲದಂಡೆಯ ಬಳ್ಳಾರಿ, ರಾಯಲಸೀಮೆ ಮತ್ತೆ ಮತ್ತೆ ಒಣಗಿದ ನಾಡು. ಹಾಗಾಗಿ ಎಂಜಿನಿಯರುಗಳು ಹಾಕಿಕೊಂಡ ಗುರಿ ಕೆಲವರನ್ನು ಶ್ರೀಮಂತ ಮಾಡುವುದಲ್ಲ, ಬಹಳ ಜನರ ಬೆಳೆ ಒಣಗದಂತೆ ಕಾಯುವುದು. ರಕ್ಷಣಾತ್ಮಕ ನೀರಾವರಿ ಎಂದು ಅದಕ್ಕೆ ಹೆಸರು. ನೀರನ್ನು ತೆಳ್ಳಗೆ, ಉದ್ದಕ್ಕೆ, ಸುಮಾರು 2.4 ಲಕ್ಷ ಹೆಕ್ಟೇರಿಗೆ ಹರಡಬೇಕು. ಹೊಲ ಹಸಿಯಾದರೆ ಸಾಕು, ಕೆಸರಾಗಬೇಕಿಲ್ಲ.

ಇದಕ್ಕಾಗಿ ಮಾಡಿದ ವ್ಯವಸ್ಥೆ ಲೋಕಲೈಸೇಷನ್. ಯಾವ ಸರ್ವೆ ನಂಬರಿನ ಹೊಲಕ್ಕೆ ಮುಂಗಾರಿನಲ್ಲಿ ನೀರು, ಯಾವುದಕ್ಕೆ ಹಿಂಗಾರಿನಲ್ಲಿ, ಯಾವುದು ಅರೆ ನೀರಾವರಿ, ಯಾವುದು ಭತ್ತ, ಯಾವುದು ಕಬ್ಬು ಎಂದು ಹೊಲ ಹೊಲಕ್ಕೆ ಬರೆದಿಟ್ಟರು. ಭತ್ತಕ್ಕೆ ಸಿಕ್ಕಿದ್ದು ಚಿಕ್ಕ ಪಾಲು. ಬಹುಪಾಲು ಹೊಲಕ್ಕೆ ವರ್ಷಕ್ಕೆ ಒಂದೇ ಹಂಗಾಮಿನ ನೀರು. ಕಾಲುವೆಯ ಪಕ್ಕದಲ್ಲೇ ಹೊಲವಿದ್ದರೂ ಅಷ್ಟೆ. ಏನು ಮಾಡಬಾರದು ಎಂಬುದನ್ನು ಇಷ್ಟು ಬಿಡಿಸಿ ಬರೆದ ಯೋಜನಾಪತ್ರಗಳು ಇವತ್ತಿನ ದಿನದಲ್ಲೂ ಅಪರೂಪ.

"ಬರೆದು ಸಹಿ ಹಾಕಿದರೆ ವ್ಯಾಪ್ತಿ ಗಟ್ಟಿಯಾಯಿತು"

ಹಾಗಿದ್ದರೆ ಗಂಗಾವತಿಯಲ್ಲಿ ಇಂದು ಜೋಳ ಇರಬೇಕಿತ್ತು.

ಕಾಗದ ಗಟ್ಟಿಯಿತ್ತು, ಕಾಲ ಅನುಕೂಲವಾಗಿರಲಿಲ್ಲ. ಇಷ್ಟು ಉದ್ದದ ಕಾಲುವೆ ಒಂದೇ ದಿನ ಮುಗಿಯುವುದಿಲ್ಲ. ಮೇಲ್ಭಾಗದ ವಿತರಣಾ ಕಾಲುವೆಗಳು ಮೊದಲು ಸಿದ್ಧವಾದವು, ಕೆಳಭಾಗದವು ಆಮೇಲೆ. ನಡುವಿನ ವರ್ಷಗಳಲ್ಲಿ ಜಲಾಶಯದಲ್ಲಿ ನೀರು ಬೇಕಾದಷ್ಟು, ಅದನ್ನು ಬಳಸುವ ಹೊಲ ಕಡಿಮೆ. ನೀರಾವರಿ ಕಂಡರಿಯದ ಎರೆಭೂಮಿಯ ರೈತನಿಗೆ ಕಾಲುವೆಯ ಮೇಲೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲ. ಎರೆ ನೆಲಕ್ಕೆ ಹೆಚ್ಚು ನೀರು ಕೊಟ್ಟರೆ ಕೆಡುತ್ತದೆ ಎಂಬ ಹಿರಿಯರ ಅನುಭವ ಬೇರೆ ಇತ್ತು. ಆ ಅನುಭವ ಸುಳ್ಳಲ್ಲ ಎನ್ನುವುದಕ್ಕೆ ಮುಂದೆ ಬರುತ್ತೇನೆ. ಇತ್ತ ಅಧಿಕಾರಿಗಳಿಗೆ ಕೋಟಿಗಟ್ಟಲೆ ಸುರಿದು ಕಟ್ಟಿದ ಕಾಲುವೆಯಲ್ಲಿ ನೀರು ಬಳಕೆಯಾಗುತ್ತಿದೆ ಎಂದು ತೋರಿಸುವ ಅಗತ್ಯ.

ಈ ಸಂದಿಯಲ್ಲೇ ಕರಾವಳಿ ಆಂಧ್ರದ ಡೆಲ್ಟಾ ಸೀಮೆಯಿಂದ ರೈತ ಕುಟುಂಬಗಳು ಬಂದವು. ಅಲ್ಲಿ ಒಂದೆರಡು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಪಟ್ಟು ಹೊಲ ಸಿಗುತ್ತಿತ್ತು. ಜಾಲಿ ಕಿತ್ತು, ನೆಲ ಸಮ ಮಾಡಿ, ಬದು ಕಟ್ಟಿ ಗದ್ದೆ ಮಾಡಿದರು. ಶ್ರೀರಾಮನಗರದಂಥ ಕ್ಯಾಂಪುಗಳು ಎದ್ದವು. ಅವರಿಗೆ ಗೊತ್ತಿದ್ದ ಬೆಳೆ ಭತ್ತ, ಅದನ್ನೇ ಹಾಕಿದರು. ಆ ದಿನಗಳಲ್ಲಿ ಅದು ಯಾರ ನೀರನ್ನೂ ಕಸಿಯುವಂತೆ ಕಾಣಲಿಲ್ಲ, ಏಕೆಂದರೆ ಕಸಿಯಲು ಕೆಳಗೆ ಇನ್ನೂ ಯಾರೂ ಕಾಯುತ್ತಿರಲಿಲ್ಲ.

ಹತ್ತು ಹದಿನೈದು ವರ್ಷ ಕಳೆದು ಕೆಳಭಾಗದ ಕಾಲುವೆಗಳು ಸಿದ್ಧವಾಗುವ ಹೊತ್ತಿಗೆ ಮೇಲೆ ಗದ್ದೆ ಖಾಯಂ ಆಗಿತ್ತು. ಬದು, ಮಿಲ್ಲು, ಸಾಲ, ಗೊಬ್ಬರದ ಅಂಗಡಿ, ಕೂಲಿಕಾರರ ಓಡಾಟ ಎಲ್ಲ ಅದರ ಸುತ್ತ ಬೆಳೆದಿದ್ದವು. ನಮ್ಮವರೂ ಜೋಳ ಬಿಟ್ಟು ನೆಲ್ಲಿಗೆ ಇಳಿದಿದ್ದರು. ಆಮೇಲೆ ಸರ್ವೆ ನಂಬರಿನ ಪಟ್ಟಿ ಹಿಡಿದು ಯಾರು ಬಂದರೂ ಅದು ಹೊಲ ಕಿತ್ತುಕೊಳ್ಳಲು ಬಂದಂತೆಯೇ. ಡಚ್ ಸಂಶೋಧಕ ಪೀಟರ್ ಮೊಲ್ಲಿಂಗ ಈ ಎಡದಂಡೆ ಕಾಲುವೆಯ ನೀರು ಹಂಚಿಕೆಯ ಬಗ್ಗೆಯೇ ದಪ್ಪ ಪುಸ್ತಕ ಬರೆದಿದ್ದಾರೆ. ಕಾಲುವೆಯ ಎಂಜಿನಿಯರಿಂಗಿನಷ್ಟೇ ಅದರ ರಾಜಕಾರಣವೂ ನೀರನ್ನು ಹಂಚುತ್ತದೆ ಎಂಬುದು ಅಲ್ಲಿ ಪುಟಪುಟಕ್ಕೂ ಕಾಣುತ್ತದೆ.

ಇದರಿಂದ ನನಗೆ ತೋರುವುದು ಇಷ್ಟು. ಒಂದು ಯೋಜನೆಯ ವ್ಯಾಪ್ತಿಗೆ ಅತಿ ಹೆಚ್ಚು ಅಪಾಯ ಇರುವುದು ಹಣ, ನೀರು, ಸಮಯ ಕಡಿಮೆ ಇರುವಾಗ ಅಲ್ಲ, ಮಿಕ್ಕಿದಂತೆ ಕಾಣುವಾಗ. ಕೊರತೆ ಇದ್ದಾಗ ಎಲ್ಲರೂ ಲೆಕ್ಕ ಕೇಳುತ್ತಾರೆ. ಮಿಕ್ಕಿದ ದಿನಗಳಲ್ಲಿ ಕೊಟ್ಟದ್ದನ್ನು ಯಾರೂ ಬರೆದಿಡುವುದಿಲ್ಲ, ಬರೆಯದೆ ಕೊಟ್ಟದ್ದು ಹಕ್ಕಾಗಿ ಬೇರುಬಿಡುತ್ತದೆ.

"ವ್ಯಾಪ್ತಿ ಮೀರುವುದು ಯಾರದೋ ದುರಾಸೆಯಿಂದ"

ಸಿಂಧನೂರು, ಮಾನ್ವಿ ಕಡೆಯ ಪ್ರತಿಭಟನೆಗಳಲ್ಲಿ ಕೇಳುವ ಮಾತು ಇದು. ಅವರ ಸಿಟ್ಟಿಗೆ ಕಾರಣವಿದೆ. ಕಾಲುವೆಗೆ ಪಂಪ್‌ಸೆಟ್ ಹಚ್ಚಿ ನೀರೆತ್ತುವುದು, ತೂಬು ಒಡೆದು ದೊಡ್ಡದು ಮಾಡುವುದು, ಅಚ್ಚುಕಟ್ಟಿನ ಹೊರಗಿನ ಹೊಲಕ್ಕೆ ಪೈಪು ಎಳೆಯುವುದು ಎಲ್ಲ ನಡೆದಿದೆ. ಅಂಥ ಅಕ್ರಮ ತಡೆಯಲೆಂದೇ ರಾಜ್ಯ 2024ರಲ್ಲಿ 1965ರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿತು. ಬೇಸಿಗೆಯಲ್ಲಿ ಕಾಲುವೆಗುಂಟ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ಕಾವಲಿಗೆ ನಿಲ್ಲಿಸುವುದೂ ಉಂಟು.

ಆದರೆ ಗದ್ದೆಯ ಬಹುಪಾಲು ಕಳ್ಳತನದಿಂದ ಹುಟ್ಟಿದ್ದಲ್ಲ. ಮರಳಿ ಕಡೆಯ ಒಬ್ಬ ರೈತನ ಜಾಗದಲ್ಲಿ ನಿಂತು ನೋಡಿ. ಅವನ ಹೊಲ ದಾಖಲೆಯಲ್ಲಿ ಅರೆ ನೀರಾವರಿ. ಮೇಲಿನ ಹೊಲದವನು ಭತ್ತ ನಾಟಿ ಮಾಡಿ ನಾಲ್ಕು ತಿಂಗಳು ನೀರು ನಿಲ್ಲಿಸಿದ್ದಾನೆ. ಆ ನೀರು ಬದುವಿನಡಿ ಬಸಿದು ಇವನ ಹೊಲಕ್ಕೆ ಇಳಿಯುತ್ತದೆ. ಎರೆಮಣ್ಣು ಹಿಡಿದ ನೀರನ್ನು ಬಿಡುವುದಿಲ್ಲ. ಅಲ್ಲಿ ಜೋಳ ಬಿತ್ತಿದರೆ ಬೇರು ಕೊಳೆತು ಹಳದಿಯಾಗುತ್ತದೆ, ಹತ್ತಿ ಮೇಲೇಳುವುದಿಲ್ಲ. ನಿಂತ ನೀರಿನಲ್ಲಿ ಬದುಕುವ ಬೆಳೆ ಒಂದೇ. ಹಾಗಾಗಿ ಅವನೂ ನೆಲ್ಲು ಹಚ್ಚುತ್ತಾನೆ, ಅವನ ಬಸಿನೀರು ಕೆಳಗಿನವನ ಹೊಲಕ್ಕೆ. ನಿಯಮ ಪಾಲಿಸಬೇಕೆಂದು ಹಟ ಹಿಡಿದವನಿಗೂ ಪಾಲಿಸುವ ದಾರಿ ಮುಚ್ಚಿಹೋಗಿರುತ್ತದೆ. ಇದರ ಜೊತೆಗೆ ಭತ್ತಕ್ಕೆ ಮಾರುಕಟ್ಟೆ ಇದೆ, ಬೆಂಬಲ ಬೆಲೆ ಇದೆ, ಊರಲ್ಲೇ ಮಿಲ್ಲಿದೆ. ಜೋಳಕ್ಕೆ ಹಕ್ಕಿ ಕಾಯುವವರೂ ಸಿಗುವುದಿಲ್ಲ.

ಇಲ್ಲಿ ಮೂಲ ಯೋಜನೆಯದೇ ಒಂದು ಕೊರತೆ ಬಯಲಾಗುತ್ತದೆ. ತೆಳ್ಳಗಿನ ನೀರಾವರಿ ಎಂದುಕೊಂಡದ್ದರಿಂದ ನೀರು ಕೊಡುವ ಕಾಲುವೆಗೆ ಸಿಕ್ಕ ಗಮನ, ಹೆಚ್ಚಾದ ನೀರನ್ನು ಹೊರಹಾಕುವ ಬಸಿಗಾಲುವೆಗೆ ಸಿಗಲಿಲ್ಲ. ಫಲ ಸವಳು-ಜವಳು. ಸಾವಿರಾರು ಹೆಕ್ಟೇರಿನಲ್ಲಿ ಉಪ್ಪು ಮೇಲೆದ್ದು ಬಿಳಿ ಪೊರೆ ಕಟ್ಟಿತು. ಎರೆ ನೆಲಕ್ಕೆ ಹೆಚ್ಚು ನೀರು ಆಗದು ಎಂದಿದ್ದ ಹಿರಿಯರ ಮಾತು ಹೀಗೆ ನಿಜವಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಅಧ್ಯಯನ ನಡೆಯುತ್ತಲೇ ಇದೆ. ನೆಲದಡಿ ಕೊಳವೆ ಹೂತು ನೀರು ಬಸಿಯುವ ತಂತ್ರಗಳನ್ನು ಅಲ್ಲಿ ತೋರಿಸುತ್ತಾರೆ. ತಂತ್ರ ಗೊತ್ತಿದೆ, ಖರ್ಚು ಮಾಡುವವರು ಯಾರು ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಕೆಲಸವೊಂದು ವ್ಯಾಪ್ತಿ ಮೀರಿದಾಗ ತಪ್ಪಿತಸ್ಥನನ್ನು ಹುಡುಕುವ ಚಟ ನಮಗೆಲ್ಲ ಇದೆ. ಒಬ್ಬೊಬ್ಬರ ನಿರ್ಧಾರವೂ ಅವರವರ ಜಾಗದಲ್ಲಿ ಸರಿಯಾಗಿಯೇ ಇದ್ದು, ಎಲ್ಲ ಸೇರಿದಾಗ ತಪ್ಪಾಗುವುದನ್ನು ಹಿಡಿಯಲು ಪೊಲೀಸರು ಸಾಲುವುದಿಲ್ಲ.

"ಇಷ್ಟೇ ಇಷ್ಟು ಸೇರಿಸಿದರೆ ಏನಾಗುತ್ತದೆ"

ಗುಣಾಕಾರ ಮಾಡಿ ನೋಡಿದರೆ ಗೊತ್ತಾಗುತ್ತದೆ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಎಡದಂಡೆ ಕಾಲುವೆಗೆ ಕೊಟ್ಟದ್ದು 92 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. 92 ಟಿಎಂಸಿ ಸುಮಾರು 260 ಕೋಟಿ ಘನ ಮೀಟರ್ ಆಯಿತು. ಅದನ್ನು 2.4 ಲಕ್ಷ ಹೆಕ್ಟೇರಿನ ಮೇಲೆ ಸಮನಾಗಿ ಹರಡಿದರೆ ನಿಲ್ಲುವ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದೂ ಮುನಿರಾಬಾದಿನಲ್ಲಿ ಅಳೆದ ಲೆಕ್ಕ. ದಾರಿಯಲ್ಲಿ ಇಂಗಿ, ಆವಿಯಾಗಿ, ಸೋರಿ ಹೋದದ್ದನ್ನು ಕಳೆದರೆ ಹೊಲ ಮುಟ್ಟುವುದು ಅದಕ್ಕಿಂತ ಎಷ್ಟೋ ಕಡಿಮೆ.

ಒಂದು ಭತ್ತದ ಬೆಳೆ ಕುಡಿಯುವ ನೀರು ಹೆಚ್ಚುಕಡಿಮೆ 1.2 ಮೀಟರ್. ಸದಾ ನೀರು ನಿಲ್ಲಿಸುವ ರೂಢಿಯನ್ನು ನೋಡಿದರೆ ಇನ್ನೂ ಜಾಸ್ತಿ. ಜೋಳಕ್ಕೆ ಇದರ ಅರ್ಧವೂ ಬೇಡ, ಮಳೆ ಬಂದರೆ ಇನ್ನೂ ಕಡಿಮೆ ಸಾಕು. ಮೇಲ್ಭಾಗದಲ್ಲಿ ಎರಡು ಹಂಗಾಮು ಭತ್ತ ಬೆಳೆದರೆ ಒಂದೊಂದು ಎಕರೆಯೂ ಕೆಳಗಿನ ಎರಡು ಮೂರು ಎಕರೆಯ ಪಾಲನ್ನು ಮೊದಲೇ ಉಂಡಿರುತ್ತದೆ. ಮೇಲೆ ಗದ್ದೆಗೆ ತಿರುಗಿದ ಎಕರೆಗೂ ಕೆಳಗೆ ಒಣಗಿದ ಎಕರೆಗೂ ನಡುವೆ ನೂರು ಕಿಲೋಮೀಟರಿಗೂ ಮೀರಿದ ದೂರ ಇರಬಹುದು. ಕೊಟ್ಟವನಿಗೆ ಕಳೆದುಕೊಂಡವನ ಮುಖ ಕಾಣುವುದಿಲ್ಲ. ಇಷ್ಟೇ ಇಷ್ಟು ಎಂಬ ಮಾತು ಹುಟ್ಟುವುದು ಈ ದೂರದಿಂದ.

ಕಚೇರಿಯ ಕೆಲಸದಲ್ಲೂ ಹೀಗೆಯೇ. ತಂತ್ರಾಂಶಕ್ಕೆ ಒಂದು ಗುಂಡಿ ಹೆಚ್ಚು ಸೇರಿಸಿ ಎಂದು ಗ್ರಾಹಕ ಕೇಳುತ್ತಾನೆ, ಮ್ಯಾನೇಜರ್ ನಗುತ್ತಾ ಒಪ್ಪುತ್ತಾನೆ. ಪರೀಕ್ಷೆ ಮಾಡುವ ಹುಡುಗಿ ಭಾನುವಾರ ಕಚೇರಿಗೆ ಬರುತ್ತಾಳೆ. ಒಪ್ಪಿದವನ ನಗು ಬೇರೆ ಕಡೆ, ಅವಳ ಭಾನುವಾರ ಬೇರೆ ಕಡೆ.

"ಸಾಮರ್ಥ್ಯ ಹೆಚ್ಚಿಸಿದರೆ ವ್ಯಾಪ್ತಿಯ ಜಗಳ ಮುಗಿಯುತ್ತದೆ"

ಇದು ನಮ್ಮ ಭಾಗದ ಬಹುದೊಡ್ಡ ಆಸೆ. ಆರಂಭದಲ್ಲಿ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೂಳು ತುಂಬುತ್ತಾ ಈಗ ಉಳಿದದ್ದು 105 ಟಿಎಂಸಿಯ ಆಸುಪಾಸು. ಕಳೆದುಹೋದ ಈ ನೀರನ್ನು ಹಿಡಿದಿಡಲು ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪ ಬಹಳ ವರ್ಷದಿಂದ ಇದೆ. ಸರ್ಕಾರಗಳು ಬದಲಾದರೂ ಬಜೆಟ್ಟಿನಲ್ಲಿ ನವಲಿಯ ಹೆಸರು ಬರುತ್ತದೆ. ನದಿ ಅಂತರರಾಜ್ಯದ್ದಾದ್ದರಿಂದ ಆಂಧ್ರಪ್ರದೇಶ, ತೆಲಂಗಾಣಗಳ ಒಪ್ಪಿಗೆ ಬೇಕು, ಮಾತು ಅಲ್ಲಿಗೆ ಬಂದು ನಿಲ್ಲುತ್ತದೆ.

ನವಲಿ ಬೇಡ ಎನ್ನುತ್ತಿಲ್ಲ. ಹೂಳಿಗೆ ಹೋದ ನೀರು ನಮ್ಮ ಪಾಲಿನದೇ, ಅದು ದಕ್ಕಬೇಕು. ಆದರೆ ಹೊಸ ನೀರು ಯಾವ ಎಕರೆಗೆ ಎಂದು ಮೊದಲೇ ಗೊತ್ತುಮಾಡದಿದ್ದರೆ 1950ರ ದಶಕದ ಕಥೆಯೇ ಮತ್ತೆ ನಡೆಯುತ್ತದೆ. ಮಿಕ್ಕಿದ ನೀರು ಹತ್ತಿರದವರ ರೂಢಿಯಾಗುತ್ತದೆ, ಕೊನೆ ಭಾಗದವರು ಮತ್ತೆ ಧರಣಿ ಕೂರುತ್ತಾರೆ. ಕಚೇರಿಯಲ್ಲೂ ಅಷ್ಟೆ, ಒಂದು ಯೋಜನೆಯ ತಂಡಕ್ಕೆ ಇನ್ನಿಬ್ಬರನ್ನು ಸೇರಿಸಿದ ಮಾತ್ರಕ್ಕೆ ಕೆಲಸ ಬೇಗ ಮುಗಿದದ್ದನ್ನು ಎಷ್ಟು ಜನ ನೋಡಿದ್ದಾರೆ?

"ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವುದೇ ನ್ಯಾಯ"

ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಗೆ ಎಡದಂಡೆ ಕಾಲುವೆಯ ನೀರಿಲ್ಲ. ಗಂಗಾವತಿಯ ಹಸಿರನ್ನು ಬಸ್ಸಿನ ಕಿಟಕಿಯಲ್ಲಿ ನೋಡಿಕೊಂಡು ಊರಿಗೆ ಹೋಗುವ ಯಲಬುರ್ಗಾದವನಿಗೆ ತಾನು ಹೊರಗುಳಿದದ್ದು ಅನ್ಯಾಯವಾಗಿಯೇ ಕಾಣುತ್ತದೆ. ಅವರಿಗೆ ತೋರಿಸಿರುವ ದಾರಿ ಕೃಷ್ಣೆಯದು. ಕೃಷ್ಣಾ ಮೇಲ್ದಂಡೆ ಮೂರನೇ ಹಂತ, ಜನರ ಬಾಯಲ್ಲಿ ಬಿ ಸ್ಕೀಮ್. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಮುಂದಿನ ವರದಿ ಕೊಟ್ಟಿತು. ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕು, ಮುಳುಗುವ ಊರು ಹೊಲಗಳಿಗೆ ಪರಿಹಾರ ಕೊಡಬೇಕು, ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬರಬೇಕು. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಈ ತಾಲೂಕುಗಳ ಹೆಸರು ಪಟ್ಟಿಯಲ್ಲಿದೆ, ನೀರಿಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಕಾಯುವುದಕ್ಕಿಂತ, ನಿಮ್ಮದು ಇದರೊಳಗಿಲ್ಲ, ನಿಮಗೆ ಕೆರೆ ತುಂಬಿಸುವ ಬೇರೆ ಯೋಜನೆ ಮಾಡುತ್ತೇವೆ ಎಂಬ ನೇರ ಮಾತನ್ನು ಮೂವತ್ತು ವರ್ಷ ಮೊದಲೇ ಹೇಳಿದ್ದರೆ ಜನ ತಮ್ಮ ದಾರಿ ನೋಡಿಕೊಳ್ಳುತ್ತಿದ್ದರೇನೋ.

ಎಲ್ಲರನ್ನೂ ಸೇರಿಸಿಕೊಂಡು ನೀರು ಮುಟ್ಟಿಸಲಿಲ್ಲ ಎಂಬ ಇದೇ ಆಕ್ಷೇಪವನ್ನು ಎಡದಂಡೆಯ ಮೂಲ ಯೋಜನೆಯ ಮೇಲೂ ಹೊರಿಸಬಹುದು. ಬಹಳ ಜನರಿಗೆ ಸ್ವಲ್ಪ ಸ್ವಲ್ಪ ಕೊಡುವುದು ದೊಡ್ಡ ಮನಸ್ಸಿನ ಗುರಿ. ಆದರೆ ಇಷ್ಟುದ್ದದ ಕಾಲುವೆಯಲ್ಲಿ ಮೊದಲ ತೂಬಿನವನು ಕೈಗೆಟಕುವ ನೀರನ್ನು ಮುಟ್ಟದೆ ಕೊನೆಯವನಿಗೆ ಬಿಡುತ್ತಾನೆ ಎಂದು ನಂಬಿ ಹಾಕಿದ ಲೆಕ್ಕ ಅದು. ಗುರಿ ಒಳ್ಳೆಯದಿತ್ತು, ಅದನ್ನು ಹಿಡಿದು ನಿಲ್ಲಿಸುವ ಕೈಗಳನ್ನು ಯೋಜನೆ ಕೊಡಲಿಲ್ಲ. ತೂಬು ಕಾಯುವ ಲಸ್ಕರನಿಗೆ ಒಂದು ಕೀಲಿಕೈ ಕೊಟ್ಟು ಊರನ್ನೆಲ್ಲ ಎದುರಿಸು ಎಂದರೆ ಅವನೇನು ಮಾಡಿಯಾನು?

"ಬದಲಾವಣೆಗೆ ಬಾಗಿಲು ಮುಚ್ಚುವುದೇ ನಿರ್ವಹಣೆ"

ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಗೋಡೆ ಒಡೆಯುತ್ತಾರೆ. ಬದಲಾವಣೆ ಬರಲಿ, ಒಂದೇ ಬಾಗಿಲಿನಿಂದ ಬರಲಿ, ಬಂದದ್ದರ ಲೆಕ್ಕ ಎಲ್ಲರಿಗೂ ಕಾಣಲಿ ಎಂಬುದೇ ಸರಿಯಾದ ಕ್ರಮ.

ನಮ್ಮಲ್ಲಿ ಆ ಬಾಗಿಲು ಇದೆ. ನೀರಾವರಿ ಸಲಹಾ ಸಮಿತಿ, ಎಲ್ಲರೂ ಕರೆಯುವಂತೆ ಐಸಿಸಿ ಸಭೆ. ಸಚಿವರು, ಶಾಸಕರು, ಎಂಜಿನಿಯರುಗಳು ಕೂತು ಜಲಾಶಯದ ಮಟ್ಟ ನೋಡಿ ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಕ್ಯೂಸೆಕ್ ಎಂದು ಪ್ರತಿ ಹಂಗಾಮಿಗೂ ತೀರ್ಮಾನಿಸುತ್ತಾರೆ. ಯೋಜನೆಯನ್ನು ಆಗಾಗ ಕಾಲಕ್ಕೆ ತಕ್ಕಂತೆ ತಿದ್ದುವ ಇಂಥ ಸಭೆ ಎಷ್ಟೋ ದೊಡ್ಡ ಕಂಪನಿಗಳಲ್ಲೂ ಇರುವುದಿಲ್ಲ. ಅಳತೆಗೋಲೂ ಇದೆ. ಸಿಂಧನೂರು ಕಡೆಯ ರೈತನನ್ನು ಕೇಳಿ, ಕಾಲುವೆಯ ಮೈಲ್ 69ರಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದರ ಮೇಲೆ ಅವನ ಇಡೀ ಬೇಸಿಗೆ ನಿಂತಿದೆ. ಮೈಲಿಯ ಲೆಕ್ಕ ದೇಶದಿಂದ ಹೋದರೂ ಕಾಲುವೆಯ ಮೇಲೆ ಉಳಿದುಕೊಂಡಿದೆ.

ಕೊರತೆ ಇರುವುದು ಬೇರೆ ಕಡೆ. ಸಭೆ ದಿನಾಂಕ ಹೇಳುತ್ತದೆ, ಕ್ಯೂಸೆಕ್ ಹೇಳುತ್ತದೆ, ಎರಡನೇ ಬೆಳೆಗೆ ಭತ್ತ ಹಾಕಬೇಡಿ ಎಂದು ಮನವಿಯನ್ನೂ ಮಾಡುತ್ತದೆ. ಮೇಲೆ ಇಷ್ಟು ಸಾವಿರ ಎಕರೆಗೆ ಒಪ್ಪಿದ್ದರಿಂದ ಕೆಳಗೆ ಇಂಥ ಉಪಕಾಲುವೆಗೆ ನೀರು ತಲುಪುವುದಿಲ್ಲ ಎಂದು ಬರೆಯುವುದಿಲ್ಲ. ಬರೆದರೆ ಜಗಳವಾಗುತ್ತದೆ ನಿಜ. ಬರೆಯದಿದ್ದರೂ ಆಗುತ್ತಿದೆ, ಮಾರ್ಚಿನಲ್ಲಿ, ಭತ್ತ ತೆನೆ ಒಡೆಯುವ ಹೊತ್ತಿಗೆ, ರಸ್ತೆ ತಡೆಯ ರೂಪದಲ್ಲಿ. ಜಗಳವನ್ನು ನಾಟಿಗೆ ಮೊದಲು ಮುಗಿಸಿಕೊಂಡರೆ ಸಸಿ ಮಡಿಯ ಖರ್ಚಾದರೂ ಉಳಿಯುತ್ತದೆ.

ನೀರು ಬಳಕೆದಾರರ ಸಹಕಾರ ಸಂಘಗಳಿಗೆ 2000ದಲ್ಲಿ ನೀರಾವರಿ ಕಾಯ್ದೆಯನ್ನೇ ತಿದ್ದಿ ಅಧಿಕಾರ ಕೊಟ್ಟರು. ತೂಬಿನ ಮಟ್ಟದಲ್ಲಿ ಈ ಲೆಕ್ಕ ನಡೆಯಬೇಕಾದ್ದು ಅಲ್ಲಿ. ಚುರುಕಾಗಿ ನಡೆಯುವ ಸಂಘವಿರುವ ಕಡೆ ವಾರಾಬಂದಿ ಪಾಳಿ ಬಿಗಿಯಾಗಿರುತ್ತದೆ, ಬೋರ್ಡಿಗಷ್ಟೇ ಉಳಿದ ಸಂಘವಿರುವ ಕಡೆ ಜೋರಿದ್ದವನದೇ ಪಾಳಿ.

"ಇದು ದೊಡ್ಡ ಯೋಜನೆಗಳ ಪಾಡು, ನಮ್ಮದು ಚಿಕ್ಕ ಕೆಲಸ"

ಚಿಕ್ಕ ಕೆಲಸದಲ್ಲಿ ಹೆಚ್ಚು ಬೇಗ ಕೆಡುತ್ತದೆ. ಒಂದು ಊರಿನಲ್ಲಿ ಸಮುದಾಯ ಭವನ ಮಂಜೂರಾಯಿತು ಎನ್ನಿ. ಅಂದಾಜುಪಟ್ಟಿಯಲ್ಲಿ ಒಂದು ಹಾಲು, ಒಂದು ಅಡುಗೆ ಕೋಣೆ. ಪಾಯ ತೆಗೆಯುವಾಗ ಒಬ್ಬರು ವೇದಿಕೆ ಬೇಕೆನ್ನುತ್ತಾರೆ, ಗೋಡೆ ಏಳುವಾಗ ಇನ್ನೊಬ್ಬರು ಮಹಡಿಗೆ ಮೆಟ್ಟಿಲು ಬಿಡಿ ಎನ್ನುತ್ತಾರೆ. ಗುತ್ತಿಗೆದಾರ ಎಕ್ಸ್‌ಟ್ರಾ ಐಟಂ ಎಂದು ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ. ಸರ್ಕಾರಿ ಕೆಲಸಕ್ಕೆ 1999ರ ಪಾರದರ್ಶಕತೆ ಕಾಯ್ದೆಯ ಕಟ್ಟು ಇದೆ, ಪರಿಷ್ಕೃತ ಅಂದಾಜಿಗೆ ಮಂಜೂರಾತಿ ಇಲ್ಲದೆ ಬಿಲ್ಲು ಆಗುವುದಿಲ್ಲ. ಕೊನೆಗೆ ವೇದಿಕೆ ಇದೆ, ಮೆಟ್ಟಿಲಿದೆ, ಶೌಚಾಲಯಕ್ಕೆ ದುಡ್ಡಿಲ್ಲ. ಶೌಚಾಲಯ ಅಂದಾಜುಪಟ್ಟಿಯಲ್ಲಿ ಇತ್ತೇ ಎಂದು ಆಗ ಹುಡುಕುತ್ತಾರೆ. ಅದು ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದರು, ಹಾಗಾಗಿ ಯಾರೂ ಬರೆದಿರಲಿಲ್ಲ.

ಉದ್ಯೋಗ ಖಾತರಿ ಕೆಲಸಗಳಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಎಂಬ ಪ್ರಮಾಣವನ್ನು ಕಾನೂನೇ ಕಟ್ಟಿಕೊಟ್ಟಿತ್ತು. ಸಿಮೆಂಟಿನ ಆಸೆ ಮಣ್ಣಿನ ಕೆಲಸವನ್ನು ನುಂಗಬಾರದೆಂದು ಹಾಕಿದ ಬೇಲಿ ಅದು. ಪಂಚಾಯಿತಿ ಅಧ್ಯಕ್ಷರಿಗೂ ಪಿಡಿಒಗೂ ಅದು ಕಿರಿಕಿರಿಯಾಗಿತ್ತು, ಆದರೆ ಬೇಡ ಎನ್ನಲು ಅವರಿಗೆ ಸಿಕ್ಕಿದ ಗಟ್ಟಿ ನೆಪವೂ ಅದೇ ಆಗಿತ್ತು. ಲೋಕಲೈಸೇಷನ್ನಿಗೆ ಇಲ್ಲದಿದ್ದದ್ದು ಇಂಥ ಹಲ್ಲು.

"ಕಟ್ಟಿ ಮುಗಿಸಿದರೆ ಯೋಜನೆ ಮುಗಿಯಿತು"

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ಒಂದು ವಾರದೊಳಗೆ ಕಿಂಡಿ ಮುಚ್ಚಿದ್ದು ಈ ಭಾಗದವರು ಮರೆಯುವಂಥದ್ದಲ್ಲ. ಅದೃಷ್ಟಕ್ಕೆ ಆ ವರ್ಷ ಮಳೆ ಬಂದು ಜಲಾಶಯ ಮತ್ತೆ ತುಂಬಿತು.

ಆ ಗೇಟುಗಳಿಗೆ ಆಗ ಎಪ್ಪತ್ತು ವರ್ಷ. ಅವನ್ನು ಯಾವ ವರ್ಷ ಬದಲಿಸಬೇಕು, ಆ ವರ್ಷ ಯಾರ ಬೆಳೆ ನಿಲ್ಲಬೇಕು ಎಂಬ ಪ್ರಶ್ನೆ ಬೇಸಿಗೆ ಬೆಳೆಗೆ ನೀರು ಬಿಡುವ ಗಡಿಬಿಡಿಯಲ್ಲಿ ವರ್ಷವರ್ಷವೂ ಮುಂದಕ್ಕೆ ಹೋಗಿತ್ತು. ಬೇಸಿಗೆ ಭತ್ತ ರೂಢಿಯಾದ ಮೇಲೆ ಕಾಲುವೆಗೆ, ಅಣೆಕಟ್ಟಿಗೆ ರಿಪೇರಿಯ ಬಿಡುವೇ ಕಡಿಮೆಯಾಯಿತು. ವ್ಯಾಪ್ತಿ ಹಿಗ್ಗಿದಾಗ ಮೊದಲು ಹೋಗುವುದು ನಿರ್ವಹಣೆಯ ದಿನಗಳು, ಏಕೆಂದರೆ ಅವುಗಳ ಪರವಾಗಿ ಧರಣಿ ಕೂರುವವರು ಯಾರೂ ಇಲ್ಲ.

2025ರ ಮುಂಗಾರಿನಲ್ಲಿ ಸುರಕ್ಷತೆಯ ಕಾರಣಕ್ಕೆ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ವರ್ಷದ ಕೊನೆಗೆ, ಎಲ್ಲ ಗೇಟು ಬದಲಿಸಲು ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಗಂಗಾವತಿಯಿಂದ ಸಿಂಧನೂರಿನವರೆಗೆ ರೈತರು ಸಿಟ್ಟಾದರು. ಲೀಸಿಗೆ ಹೊಲ ಹಾಕಿಕೊಂಡವರು, ನಾಟಿಯ ಕೂಲಿ ನಂಬಿದವರು, ಮಿಲ್ಲಿನ ಹಮಾಲರು ಎಲ್ಲರಿಗೂ ಏಟು. ಎಕರೆಗೆ ಇಂತಿಷ್ಟು ಪರಿಹಾರ ಕೊಡಿ ಎಂಬ ಬೇಡಿಕೆ ಬಂತು. ಇಷ್ಟೆಲ್ಲ ನೋವಿನ ನಡುವೆಯೂ ಅದು ತುಂಗಭದ್ರಾ ಯೋಜನೆಯಲ್ಲಿ ಅಪರೂಪಕ್ಕೆ ನಡೆದ ಒಂದು ಕೆಲಸ. ಏನನ್ನು ಬಿಡುತ್ತಿದ್ದೇವೆ, ಯಾವುದಕ್ಕಾಗಿ, ಯಾರ ಖರ್ಚಿನಲ್ಲಿ ಎಂದು ನಾಟಿಗೆ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಮೇಲ್ಭಾಗ, ಕೆಳಭಾಗ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಉತ್ತರ ಸಿಕ್ಕಿತ್ತು. ಪರಿಹಾರದ ಮೊತ್ತವನ್ನೂ ಅದೇ ಸಭೆಯ ನಡಾವಳಿಯಲ್ಲಿ ಬರೆದಿದ್ದರೆ ಸಿಟ್ಟು ಅರ್ಧ ಇಳಿಯುತ್ತಿತ್ತು.